ಯೀಸ್ಟಿನ ಹೆಸರು ಕೇಳಿದ್ದಕ್ಕೆ

"ಸ್ವಲ್ಪ ಕ್ಲೀನಾಗಿರೋದು ಕಲೀಬೇಕು ಮೇಡಂ" ಎಂದು ಆ ಡಾಕ್ಟರು ನನಗೆ ಹೇಳಿದಾಗ ನನಗೆ ಐವತ್ತು ಹತ್ತಿರ ಬಂದಿತ್ತು. ಹುಡುಗಿಯರ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಲೇ ಅರ್ಧ ಆಯುಷ್ಯ ಕಳೆದಿದ್ದೆ. ಸ್ನಾನವಾಗದೆ ಅಡುಗೆಮನೆಗೆ ಕಾಲಿಡದ ಮನೆಗೆ ಸೊಸೆಯಾಗಿ ಬಂದವಳು ನಾನು. ಅಂಥವಳಿಗೆ, ನನಗಿಂತ ಎಷ್ಟೋ ಚಿಕ್ಕವಳಾದ ಒಬ್ಬ ಹೆಣ್ಣುಮಗಳು, ಬರೆಯುತ್ತಿದ್ದ ಔಷಧಿ ಚೀಟಿಯಿಂದ ತಲೆಯನ್ನೂ ಎತ್ತದೆ ಹಾಗಂದಳು. ಚೀಟಿ ತೆಗೆದುಕೊಂಡು ಹೊರಗೆ ಬಂದೆ. ಆದರೆ ಆ ಮಾತು ವಿದ್ಯಾರಣ್ಯಪುರಂನ ನಮ್ಮ ಮನೆಯವರೆಗೂ ನನ್ನ ಜೊತೆಯಲ್ಲೇ ಬಂತು.

ತೊಂದರೆ ಏನೆಂದು ನೇರವಾಗಿಯೇ ಹೇಳಿಬಿಡುತ್ತೇನೆ. ನನಗೆ ಯೋನಿಯಲ್ಲಿ ಯೀಸ್ಟ್ ಸೋಂಕಾಗಿತ್ತು. ಉರಿ, ಕೆರೆತ. ಕ್ಲಾಸಿನಲ್ಲಿ ಒಂದು ಪೀರಿಯಡ್ ಪೂರ್ತಿ ನಿಂತು ಪಾಠ ಹೇಳುವುದು ಕಷ್ಟ, ಸ್ಟಾಫ್ ರೂಮಿನಲ್ಲಿ ಕೂರುವುದು ಇನ್ನೂ ಕಷ್ಟ. ಯೋನಿ ಎಂಬ ಪದ ನಮ್ಮ ಪಠ್ಯಪುಸ್ತಕದಲ್ಲಿದೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಬರುತ್ತದೆ, ಮನೆಯಲ್ಲಿ ಮಾತ್ರ ಬರುವುದಿಲ್ಲ. ಮನೆಯಲ್ಲಿ ಅದಕ್ಕೆ "ಅಲ್ಲಿ" ಅನ್ನುತ್ತಾರೆ. ಅಲ್ಲಿ ನೋವು, ಅಲ್ಲಿ ಉರಿ. ಈ ಬರಹದಲ್ಲಿ ನಾನು ಹಾಗೆ ಬರೆಯುವುದಿಲ್ಲ.

ಡಾಕ್ಟರು ಕೊಟ್ಟದ್ದು ಎಲ್ಲರಿಗೂ ಕೊಡುವ ಮಾತ್ರೆ. ಪರೀಕ್ಷೆಯೇನೂ ಮಾಡಲಿಲ್ಲ, ನೋಡಿದರೇ ಗೊತ್ತಾಗುತ್ತದೆ ಅಂದಳು. ಮಾತ್ರೆ ನುಂಗಿದೆ, ನಾಲ್ಕು ದಿನ ಹಾಯೆನಿಸಿತು, ಮತ್ತೆ ಶುರುವಾಯಿತು. ಮತ್ತೆ ಹೋದೆ, ಅದೇ ಮಾತ್ರೆಯನ್ನು ಹೆಚ್ಚು ದಿನಕ್ಕೆ ಬರೆದುಕೊಟ್ಟಳು. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದಳು, ಇರಲಿಲ್ಲ. ಇನ್ನೇನು ಕಾರಣ ಹೇಳಬೇಕೆಂದು ತೋಚದೆ ಇರಬೇಕು, ಸ್ವಚ್ಛತೆಯ ಮಾತು ತೆಗೆದಳು.

ಮನೆಯಲ್ಲಿ ನಾವು ಮೂವರು. ನಾನು, ಬ್ಯಾಂಕಿನಲ್ಲಿ ಕೆಲಸಕ್ಕಿರುವ ನಮ್ಮ ಯಜಮಾನರು, ಅವರ ತಾಯಿ. ಅತ್ತೆಯ ಮಾವನವರು ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿದವರು. ಅರಮನೆಯ ನೌಕರಿ ಹೋಗಿ ಎಷ್ಟು ಕಾಲವಾದರೂ ಅದರ ಶಿಸ್ತು ಮಾತ್ರ ನಮ್ಮ ಮನೆ ಬಿಟ್ಟು ಹೋಗಿರಲಿಲ್ಲ. ಯಾವ ಚೊಂಬು ಎಲ್ಲಿರಬೇಕು, ಯಾವ ಬಟ್ಟೆ ಯಾವ ಹಗ್ಗದ ಮೇಲೆ ಒಣಗಬೇಕು, ಎಲ್ಲದಕ್ಕೂ ಒಂದು ಕ್ರಮ. ನಾನು ಬಾಯಿಬಿಟ್ಟು ಹೇಳದಿದ್ದರೂ ಅತ್ತೆಗೆ ಗೊತ್ತಾಯಿತು. ನಾನು ಕೂರುವ ರೀತಿ ನೋಡಿಯೇ ಗೊತ್ತಾಗಿರಬೇಕು.

"ಮೈಗೆ ಉಷ್ಣ ಆಗಿದೆ ಕಣೇ ನಿಂಗೆ. ಹಗಲೂ ರಾತ್ರಿ ಕಾಫಿ ಕುಡೀತೀಯ" ಅಂದರು. ಬೆಳಿಗ್ಗೆ ಮೆಂತ್ಯ ನೆನೆಹಾಕಿದ ನೀರು, ಮಧ್ಯಾಹ್ನ ನೀರುಮಜ್ಜಿಗೆ, ರಾತ್ರಿ ಜೀರಿಗೆ ಕಷಾಯ. ಪ್ರೀತಿಯಿಂದಲೇ ಕೊಟ್ಟರು, ನಾನೂ ಕುಡಿದೆ. ಅದಕ್ಕೂ ಹೋಗದಿದ್ದಾಗ ಒಂದು ಶುಕ್ರವಾರ ಬೆಳಿಗ್ಗೆ, ನಾನು ಹೂ ಹಿಡಿದುಕೊಂಡು ದೇವರ ಮನೆಗೆ ಹೊರಟಾಗ, ಬಾಗಿಲಲ್ಲಿ ಅಡ್ಡ ನಿಂತರು.

"ಅದು ವಾಸಿಯಾಗೋವರೆಗೂ ದೀಪ ನಾನೇ ಹಚ್ತೀನಿ. ನೀನು ಒಳಗೆ ಬರಬೇಡ."

ನನಗೆ ಮುಟ್ಟು ನಿಂತು ವರ್ಷವಾಗಿತ್ತು. ಇನ್ನು ಆ ಹೊಸ್ತಿಲಿನ ಹೊರಗೆ ನಿಲ್ಲುವ ದಿನಗಳು ಮುಗಿದವು ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಈಗ ಹೊಸದೊಂದು ಕಾರಣ ಸಿಕ್ಕಿತ್ತು.

"ಅತ್ತೆ, ನಿಮಗೆ ನೆಗಡಿಯಾದಾಗ ನೀವು ದೀಪ ಹಚ್ಚೋದು ಬಿಡ್ತೀರಾ?" ಎಂದು ಕೇಳಿದೆ.

"ನೆಗಡಿಯೂ ಇದೂ ಒಂದೇನಾ?"

"ಒಂದೇ. ಅದೂ ಒಂದು ಸೋಂಕು, ಇದೂ ಒಂದು ಸೋಂಕು. ಜಾಗ ಬೇರೆ ಅಷ್ಟೆ."

ಅತ್ತೆ ಬಾಗಿಲು ಬಿಡಲಿಲ್ಲ. ಮಾರನೆಯ ದಿನ ಅವರು ಸ್ನಾನಕ್ಕೆ ಹೋದಾಗ ನಾನು ಒಳಗೆ ಹೋಗಿ ದೀಪ ಹಚ್ಚಿ ಬಂದೆ. ಬಚ್ಚಲಿಂದ ಬಂದವರು ಉರಿಯುತ್ತಿದ್ದ ದೀಪ ನೋಡಿದರು, ನನ್ನನ್ನೂ ನೋಡಿದರು. ಆವತ್ತು ನನ್ನ ಕೈಯಡುಗೆ ಊಟ ಮಾಡಲಿಲ್ಲ. ಅವಲಕ್ಕಿ ನೆನೆಸಿಕೊಂಡು ತಿಂದರು. ನಾನು ಅದರ ಮಾರನೆಯ ದಿನವೂ ದೀಪ ಹಚ್ಚಿದೆ.

ಮುಂದಿನ ಸಲ ಡಾಕ್ಟರು ಯಜಮಾನರನ್ನೂ ಕರೆದುಕೊಂಡು ಬರಲು ಹೇಳಿದ್ದಳು. ಅವರಿಗೆ ಇಂಥ ಜಾಗಗಳಿಗೆ ಬರುವುದೆಂದರೆ ಮುಜುಗರ. ಆದರೂ ಬಂದರು, ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತಾ ಕುರ್ಚಿಯ ತುದಿಯಲ್ಲಿ ಕೂತರು.

"ಮಾತ್ರೆ ಇಬ್ಬರೂ ತಗೊಳ್ಳಿ" ಅಂದಳು ಡಾಕ್ಟರು. "ಮತ್ತೆ ಮತ್ತೆ ಬರ್ತಿದೆ ಅಂದ್ರೆ ಎಲ್ಲಿಂದಲೋ ಬರ್ತಿದೆ ಅಂತ ಅರ್ಥ ಅಲ್ವಾ ಸಾರ್?"

ಹಾಗೆಂದು ನಮ್ಮಿಬ್ಬರ ಮುಖವನ್ನೂ ನೋಡಿದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮನೆಯ ಮುಂದೆ ಯಜಮಾನರು ಸ್ಕೂಟರಿನ ಸ್ಟ್ಯಾಂಡ್ ಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದರು.

"ಎಲ್ಲಿಂದಲೋ ಅಂದ್ರಲ್ಲ. ಎಲ್ಲಿಂದ?"

"ನನ್ನನ್ನ ಕೇಳ್ತಿದ್ದೀರಾ?"

"ಕೇಳ್ತಿಲ್ಲ ಕಣೇ. ಅವರಂದದ್ದು ಹೇಳಿದೆ."

"ನಾನೂ ನಿಮ್ಮನ್ನ ಅದನ್ನೇ ಕೇಳಬಹುದು. ಕೇಳ್ಲಾ?"

ಅವರ ಮುಖ ಕಪ್ಪಿಟ್ಟಿತು. ಮೂವತ್ತು ವರ್ಷ ಹತ್ತಿರದ ಸಂಸಾರದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳದ ಪ್ರಶ್ನೆ ಅದು. ಯಾರೋ ಮೂರನೆಯವರು ನಮ್ಮ ಮಧ್ಯೆ ಅದನ್ನು ಇಟ್ಟು ಹೋಗಿದ್ದರು. ಆವತ್ತಿನಿಂದ ಅವರು ಹಾಲಿನಲ್ಲಿದ್ದ ದಿವಾನದ ಮೇಲೆ ಮಲಗತೊಡಗಿದರು. ಬೆನ್ನುನೋವು, ಗಟ್ಟಿ ಹಾಸಿಗೆ ಬೇಕು ಅಂದರು. ಅತ್ತೆ ನೋಡಿಯೂ ನೋಡದವರ ಹಾಗಿದ್ದರು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಿದ್ದಾರೆ, ಬಂದದ್ದು ಯಾವುದು ಎಂದು ಒಬ್ಬರೂ ಕೇಳುತ್ತಿಲ್ಲ. ಹಲ್ಲಿ ಕಂಡರೂ ಹಾವು ಕಂಡರೂ ಇದು ಯಾವ ಜಾತಿಯದು, ವಿಷದ್ದಾ ಅಲ್ಲವಾ ಎಂದು ಮೊದಲು ನೋಡುತ್ತಾರೆ. ವರ್ಷವೂ ನಾನು ಹುಡುಗಿಯರಿಗೆ ಹೇಳಿಕೊಡುವ ಮೊದಲ ಪಾಠವೇ ವರ್ಗೀಕರಣ. ಜೀವಿಯನ್ನು ಗುರುತಿಸಿ, ಹೆಸರು ಹೇಳಿ, ಆಮೇಲೆ ಮಿಕ್ಕ ಮಾತು. ನನ್ನ ಮೈಯೊಳಗೆ ಕೂತಿದ್ದ ಜೀವಿಗೆ ಮಾತ್ರ ಯಾರೂ ಹೆಸರು ಕೇಳಿರಲಿಲ್ಲ.

ಎಂಎಸ್ಸಿಯಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇದೇ ಊರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್. ಕಾಯಿಲೆ ತರುವ ಯೀಸ್ಟುಗಳ ಮೇಲೆಯೇ ಅವಳ ಕೆಲಸ. ಕುಂಬಾರಕೊಪ್ಪಲಿನಲ್ಲಿ ಹುಟ್ಟಿ ಬೆಳೆದವಳು. ಸೆಮಿನಾರುಗಳಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ನನ್ನ ಜೊತೆ ಮಾತ್ರ ಅವಳ ಮನೆಯ ಮಾತೇ. ನಾನು ಫೋನಿನಲ್ಲಿ ಎಲ್ಲ ಹೇಳಿದ ಮೇಲೆ ಗದರಿದಳು.

"ಇಷ್ಟು ತಿಂಗಳು ನನ್ನತ್ರ ಬರ್ದೆ ಏನ್ ಮಾಡ್ತಿದ್ದೆ ನೀನು? ಕಲ್ಚರ್ ಮಾಡ್ಸಿಲ್ವಾ ಅವ್ರು?"

"ನೋಡಿದ್ರೇ ಗೊತ್ತಾಗುತ್ತೆ ಅಂದ್ರು."

"ನೋಡಿದ್ರೆ ಏನ್ ಮಣ್ಣು ಗೊತ್ತಾಯ್ತದೆ? ನಾಳೆ ಬಂದ್ಬುಡು. ಮಾತ್ರೆ ಗೀತ್ರೆ ಏನೂ ನುಂಗ್ಬೇಡ."

ಹೋದೆ. ಅವರ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಹಿರಿಯ ಡಾಕ್ಟರಮ್ಮ ಒಬ್ಬರು ಕಲ್ಚರಿಗೆಂದು, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಹತ್ತಿಯ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆದರು. ಎರಡು ದಿನ ಬಿಟ್ಟು ಗೆಳತಿ ಕರೆದಳು. ಅವಳ ಲ್ಯಾಬಿನ ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಿದ್ದವು. ಯೀಸ್ಟುಗಳನ್ನು ಬಣ್ಣದಿಂದ ಬೇರೆ ಮಾಡಿ ತೋರಿಸುವ ಆಹಾರ ಹಾಕಿ ಬೆಳೆಸಿದ ತಟ್ಟೆಗಳು. ಒಂದರಲ್ಲಿ ಹಸಿರು ಚುಕ್ಕೆಗಳು, ಇನ್ನೊಂದರಲ್ಲಿ ನೇರಳೆ ಬಣ್ಣಕ್ಕೆ ತಿರುಗಿದ ಗುಲಾಬಿ.

"ಹಸಿರಿಂದು ಎಲ್ರಿಗೂ ಬರೋ ಕ್ಯಾಂಡಿಡಾ ಅಲ್ಬಿಕನ್ಸ್. ಹೋಲಿಸೋಕೆ ಇಟ್ಟಿದೀನಿ. ಈ ಗುಲಾಬೀದು ನಿಂದು."

ಅವಳು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ರಕ್ತದ ತಿಳಿನೀರಿನಲ್ಲಿ ಬಿಟ್ಟಾಗ ಹಸಿರಿನದು ಮೊಳಕೆ ಕಾಳಿನ ಹಾಗೆ ಬಾಲ ಬಿಟ್ಟಿತ್ತು. ನನ್ನದು ಬಿಟ್ಟಿರಲಿಲ್ಲ. ಚಿಕ್ಕ ಚಿಕ್ಕ ಗುಂಡುಗಳು, ಅಷ್ಟೆ. ಆಮೇಲೆ ಇನ್ನೊಂದು ಜೊತೆ ತಟ್ಟೆ ತಂದಳು. ಪ್ರತಿ ತಟ್ಟೆಯ ನಡುವೆಯೂ ನಾನು ನುಂಗುತ್ತಿದ್ದ ಮಾತ್ರೆಯ ಔಷಧಿಯಲ್ಲಿ ಅದ್ದಿದ ಬಿಲ್ಲೆಯಿಟ್ಟಿದ್ದಳು. ಅಲ್ಬಿಕನ್ಸ್ ಬೆಳೆದ ತಟ್ಟೆಯಲ್ಲಿ ಬಿಲ್ಲೆಯ ಸುತ್ತ ಅಗಲವಾದ ಖಾಲಿ ಜಾಗ. ನನ್ನ ತಟ್ಟೆಯಲ್ಲಿ ಯೀಸ್ಟು ಬಿಲ್ಲೆಯ ಅಂಚಿನವರೆಗೂ ನಿರಾತಂಕವಾಗಿ ಬೆಳೆದುಕೊಂಡು ಬಂದಿತ್ತು.

"ನೋಡಿದ್ಯಾ? ನೀನು ನುಂಗಿದ್ದು ಇದ್ಕೆ ಏನೂ ಮಾಡಿಲ್ಲ. ಇದರ ಪಕ್ಕದಲ್ಲಿ ಬೇರೆ ಯೀಸ್ಟ್ ಏನಾದ್ರೂ ಇದ್ದಿದ್ರೆ ಅವನ್ನ ಸಾಯಿಸಿ ಇದ್ಕೆ ಜಾಗ ಮಾಡ್ಕೊಟ್ಟಿದೀಯ."

"ಇದರ ಹೆಸರೇನು?"

"ಗ್ಲಾಬ್ರಾಟಾ ಅಂತಿದ್ರು. ಕ್ಯಾಂಡಿಡಾ ಗ್ಲಾಬ್ರಾಟಾ. ನಾವು ಓದೋವಾಗ ಅಂಗೇ ಇತ್ತು. ಈಗ ಕುಲಾನೇ ಬದಲಾಯ್ಸಿ ನಕಸಿಯೊಮೈಸಿಸ್ ಅಂತ ಮಾಡವ್ರೆ."

ಯಾಕೆ ಬದಲಾಯಿಸಿದರು ಎಂದು ಕೇಳಿದೆ. ನಾನು ಬಂದ ಕಾರಣ ಒಂದು ಕ್ಷಣ ಮರೆತೇಹೋಗಿತ್ತು. ಅವಳು ಸ್ಟೂಲು ಎಳೆದುಕೊಂಡು ಕೂತಳು. ಹಿಂದಿನವರು ಕಣ್ಣಿಗೆ ಕಂಡದ್ದನ್ನು ನೋಡಿ ವಿಂಗಡಿಸಿದರು. ಗುಂಡಗಿದೆ, ಮೊಗ್ಗೊಡೆಯುತ್ತದೆ, ಕೂಡುವುದು ಕಾಣಿಸುತ್ತಿಲ್ಲ ಅಂದರೆ ಹಾಕು ಕ್ಯಾಂಡಿಡಾ ಗುಂಪಿಗೆ. ಹಾಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಯೀಸ್ಟುಗಳು ಒಂದೇ ಹೆಸರಿನಡಿ ಸೇರಿಕೊಂಡವು. ಡಿಎನ್‌ಎ ಓದುವುದಕ್ಕೆ ಬಂದ ಮೇಲೆ ನೋಡಿದರೆ, ನನ್ನ ತಟ್ಟೆಯಲ್ಲಿದ್ದದ್ದು ಅಲ್ಬಿಕನ್ಸಿಗೆ ತೀರಾ ದೂರದ ನೆಂಟ. ಬೇಕರಿಯಲ್ಲಿ ಬ್ರೆಡ್ಡು ಉಬ್ಬಿಸುವ ಯೀಸ್ಟಿಗೇ ಹೆಚ್ಚು ಹತ್ತಿರ.

"ಬೇಕ್ರಿ ಯೀಸ್ಟಿನ ದಾಯಾದಿ ಕಣೇ ನಿಂದು" ಎಂದು ನಕ್ಕಳು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ಈ ವಿಷಯಕ್ಕೆ ನಕ್ಕದ್ದು ಅದೇ ಮೊದಲು.

ರಿಪೋರ್ಟು ತೆಗೆದುಕೊಂಡು ನಾನು ಸೀದಾ ಹೋದದ್ದು ಆ ಮೊದಲ ಡಾಕ್ಟರ ಬಳಿಗೆ. ಹೋಗುವ ಅಗತ್ಯವಿರಲಿಲ್ಲ, ಔಷಧಿಯನ್ನು ಹಿರಿಯ ಡಾಕ್ಟರಮ್ಮನೇ ಕೊಡುತ್ತಿದ್ದರು. ಆದರೂ ಹೋದೆ. ಸರದಿಯಲ್ಲಿ ಕೂತು, ಕರೆದಾಗ ಒಳಗೆ ಹೋಗಿ, ರಿಪೋರ್ಟನ್ನು ಮೇಜಿನ ಮೇಲಿಟ್ಟೆ.

ಓದಿ ವಾಪಸ್ಸು ತಳ್ಳಿದಳು. "ಈ ಹೆಸರುಗಳೆಲ್ಲ ಕಾಲೇಜಿನವರಿಗೆ ಮೇಡಂ. ವರ್ಷಕ್ಕೊಂದು ಸಲ ಬದಲಾಯಿಸ್ತಾರೆ. ಪ್ರಾಕ್ಟೀಸಲ್ಲಿ ನಮಗೆ ಎಲ್ಲಾ ಒಂದೇ."

"ನಿಮಗೆ ಒಂದೇ ಇರಬಹುದು. ನೀವು ಕೊಟ್ಟ ಮಾತ್ರೆಗೆ ಒಂದೇ ಅಲ್ಲ. ಹೆಸರು ಬೇರೆಯಾದ್ರೆ ಮದ್ದೂ ಬೇರೆ."

"ನೋಡಿ, ದಿನಕ್ಕೆ ಎಷ್ಟು ಜನ ಬರ್ತಾರೆ ಗೊತ್ತಾ ನನ್ನ ಹತ್ರ? ಎಲ್ಲರಿಗೂ ಕಲ್ಚರ್ ಮಾಡಿಸಿ ಅಂದ್ರೆ ಯಾರು ಮಾಡಿಸ್ತಾರೆ? ಮಾತ್ರೆ ಕೊಟ್ರೆ ಮುಕ್ಕಾಲು ಜನಕ್ಕೆ ವಾಸಿಯಾಗುತ್ತೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ನಾನು ಒಪ್ಪಿಕೊಂಡೆ. "ಮೊದಲನೇ ಸಲ ನೀವು ಮಾಡಿದ್ದು ಸರಿ" ಅಂದೆ. "ವಾಸಿಯಾಗದವರು ವಾಪಸ್ ಬಂದಾಗಲಾದ್ರೂ ಅದು ಯಾವುದು ಅಂತ ನೋಡಬೇಕಿತ್ತು. ನೀವು ಅದನ್ನ ನೋಡಲಿಲ್ಲ, ನನ್ನನ್ನ ನೋಡಿದ್ರಿ. ಕ್ಲೀನಾಗಿರಿ ಅಂದ್ರಿ. ನನ್ನ ಗಂಡನ ಮುಂದೆ ಎಲ್ಲಿಂದಲೋ ಬರ್ತಿದೆ ಅಂದ್ರಿ. ಆ ಮಾತಿಗೆ ನಿಮ್ಮ ಹತ್ರ ಯಾವ ರಿಪೋರ್ಟಿತ್ತು?"

ಅವಳು ಬೆಲ್ ಒತ್ತಿ ಮುಂದಿನವರನ್ನು ಕರೆದಳು. ಹೇಳಬೇಕಾದ್ದನ್ನು ಹೇಳಿ ನಾನು ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲವಂತೆ.

ಹೊಸ ಔಷಧಿ ಹಾಕಿದೊಡನೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಮೊದಲು ಕೊಟ್ಟ ಮುಲಾಮಿಗೆ ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ಇನ್ನೊಂದಕ್ಕೂ ಹಾಗೇ ಆಯಿತು. ಪ್ರತಿ ಸಲವೂ ಗೆಳತಿ ಸ್ಯಾಂಪಲ್ ತರಿಸಿಕೊಂಡು ಬೆಳೆಸಿ, ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಊರಿನ ಬೇರೆ ಬೇರೆ ಕಡೆಯಿಂದ ಅವರ ಆಸ್ಪತ್ರೆಗೆ ಬಂದ ಹೆಂಗಸರ ಯೀಸ್ಟುಗಳೂ ಅವರ ಒಪ್ಪಿಗೆ ಪಡೆದು ಅದೇ ಫ್ರೀಜರಿನಲ್ಲಿದ್ದವು. ಒಂದೇ ಜಾತಿಯೊಳಗೆ ಎಷ್ಟು ವಂಶಗಳಿವೆ ಎಂದು ತಿಳಿಯುವುದು ಅವಳ ಕೆಲಸ.

"ನಿನ್ನ ಯೀಸ್ಟುಗಳ ಜಾತಕಾನೂ ನೋಡ್ಬುಡ್ತೀನಿ" ಅಂದಳು ಒಂದು ದಿನ. "ಪ್ರತಿ ಸಲ ಹೊಸಾದು ಬರ್ತದೋ ಇಲ್ಲ ಹಳೇದೇ ಕೂತದೋ ಅಂತ ಗೊತ್ತಾಯ್ತದೆ."

ನನಗೆ ಆ ಮಾತು ಅರ್ಥವಾಗುವುದಕ್ಕೆ ಒಂದು ಕ್ಷಣ ಬೇಕಾಯಿತು. ನಮ್ಮ ಹಾಲಿನ ದಿವಾನದ ಮೇಲೆ ಮಲಗಿದ್ದ ಪ್ರಶ್ನೆಗೆ ಅದೇ ಉತ್ತರ.

ಫಲಿತಾಂಶ ಬಂದಾಗ ನಾನು ಒಬ್ಬಳೇ ಹೋಗಲಿಲ್ಲ. ಯಜಮಾನರನ್ನು ಕರೆದೆ.

"ನಾನ್ಯಾಕೆ?" ಅಂದರು.

"ಎಲ್ಲಿಂದ ಅಂತ ಕೇಳಿದ್ರಲ್ಲ. ಉತ್ತರ ಕೊಡೋರ ಹತ್ರ ಹೋಗೋಣ ಬನ್ನಿ."

ಬಂದರು. ಗೆಳತಿ ಅವರಿಗೆ ಕಾಫಿ ತರಿಸಿಕೊಟ್ಟು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಅಡ್ಡಡ್ಡ ಗೆರೆಗಳ ಒಂದು ಚಿತ್ರ, ಮರದ ಕೊಂಬೆಗಳ ಹಾಗೆ ಕವಲೊಡೆದದ್ದು.

"ಸಾರ್, ಈ ಯೀಸ್ಟಿನ ಡಿಎನ್‌ಎಯೊಳಗೆ ಕೆಲವು ಜಾಗಗಳಿದಾವೆ. ಅಲ್ಲಿ ಒಂದೇ ಅಕ್ಷರಗಳು ಮತ್ತೆ ಮತ್ತೆ ಬರ್ತವೆ, ಮಗು ಒಂದೇ ಪದ ತೊದಲ್ದಂಗೆ. ಒಂದೊಂದು ವಂಶದಲ್ಲಿ ಎಷ್ಟು ಸಲ ಬರ್ತದೆ ಅನ್ನೋದು ಬೇರೆ ಬೇರೆ. ಅದನ್ನ ಹಿಡ್ಕೊಂಡು ಯಾವ್ದು ಯಾರ ಮನೇದು ಅಂತ ಹೇಳ್ಬೋದು." ಬೆರಳಿಟ್ಟು ತೋರಿಸಿದಳು. "ಇವು ಅಶೋಕಪುರಂ ಕಡೆಯೋರದು, ಇದು ನಂಜನಗೂಡಿನೋರದು. ಎಲ್ಲಾ ಬೇರೆ ಬೇರೆ ಕೊಂಬೆ. ಇಷ್ಟು ವಂಶ ಇರ್ತವೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ಈಗ ಇಲ್ನೋಡಿ. ಒಂದೇ ಕೊಂಬೇಲಿ ಅಂಟ್ಕೊಂಡು ಕೂತವಲ್ಲ, ಇಷ್ಟೂ ನಿಮ್ಮನೆಯೋರದು. ಮೊದಲನೇ ಸಲದ್ದೂ ಇದೇ, ಕೊನೇ ಸಲದ್ದೂ ಇದೇ. ಹೊಸಾದು ಎಲ್ಲಿಂದಲೂ ಬಂದಿಲ್ಲ."

ಯಜಮಾನರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಹಾಗಾದ್ರೆ ಮೊದಲನೇದು ಎಲ್ಲಿಂದ ಬಂತು?"

"ಅದು ಬಂದಿದ್ದಲ್ಲ ಕಣ್ರೀ, ಇದ್ದಿದ್ದು. ಬಹಳ ಜನರ ಹೊಟ್ಟೆಯಲ್ಲಿ, ಬಾಯಲ್ಲಿ ಇರ್ತದೆ. ನಿಮ್ಮಲ್ಲೂ ಇರಬೋದು, ನನ್ನಲ್ಲೂ ಇರಬೋದು. ಸುಮ್ನೆ ಇರ್ತದೆ. ವಯಸ್ಸಾಗಿ ಮೈ ಬದಲಾದಾಗಲೋ, ತಪ್ಪು ಔಷಧಿ ಕೊಟ್ಟು ಪಕ್ಕದೋರನ್ನ ಖಾಲಿ ಮಾಡ್ಸಿದಾಗಲೋ ಎದ್ದು ಕೂರ್ತದೆ. ಇದ್ರಲ್ಲಿ ಯಾರ ನಡತೇದೂ ಏನೂ ಇಲ್ಲ."

ಕೊನೆಯ ಮಾತನ್ನು ಅವಳು ಅವರ ಮುಖ ನೋಡಿಯೇ ಹೇಳಿದಳು. ವಾಪಸ್ಸು ಬರುವಾಗ ಅವರು ಸ್ಕೂಟರನ್ನು ದಾರಿಯಲ್ಲಿ ಒಂದು ಕಡೆ ನಿಲ್ಲಿಸಿದರು.

"ನಾನು ಕೇಳಬಾರದಾಗಿತ್ತು" ಅಂದರು.

"ಹೌದು, ಕೇಳಬಾರದಾಗಿತ್ತು" ಅಂದೆ. ಪರವಾಗಿಲ್ಲ ಬಿಡಿ ಎಂದು ಹೇಳಲಿಲ್ಲ. ಪರವಾಗಿಲ್ಲ ಅನ್ನುವಂಥ ವಿಷಯವಾಗಿರಲಿಲ್ಲ ಅದು. ಅವರು ದಿವಾನ ಬಿಟ್ಟು ಒಳಗೆ ಬಂದು ಮಲಗಲು ಕೆಲವು ವಾರಗಳೇ ಹಿಡಿದವು. ಆ ವಾರಗಳು ಬೇಕಾಗಿದ್ದದ್ದು ಅವರಿಗಲ್ಲ, ನನಗೆ.

ಕೊನೆಗೆ ವಾಸಿ ಮಾಡಿದ್ದು ಬೋರಿಕ್ ಆಸಿಡ್. ಹಿರಿಯ ಡಾಕ್ಟರಮ್ಮ ಅದನ್ನು ಅಳತೆ ಮಾಡಿಸಿ ಕ್ಯಾಪ್ಸೂಲಿನಲ್ಲಿ ತುಂಬಿಸಿ ಕೊಟ್ಟರು. ಯೋನಿಯೊಳಗೆ ಇಡುವುದು, ಬಾಯಿಗೆ ಹಾಕುವುದಲ್ಲ, ನುಂಗಿದರೆ ವಿಷ, ತಾವು ಹೇಳದೆ ಒಂದು ದಿನವೂ ಹೆಚ್ಚು ಬಳಸಬಾರದು ಎಂದು ಎರಡೆರಡು ಸಲ ಹೇಳಿದರು. ಯಜಮಾನರು ಹೆಸರು ಓದಿ, "ಇದು ಕೇರಂ ಬೋರ್ಡಿಗೆ ಹಾಕೋ ಪೌಡರ್ ಅಲ್ವಾ?" ಎಂದು ಕಣ್ಣರಳಿಸಿದರು. ಅದೇ. ಹೊಸ ಹೊಸ ಔಷಧಿಗಳಿಗೆ ಬಗ್ಗದ ಜೀವಿ ಆ ಹಳೆಯ ಪುಡಿಗೆ ಬಗ್ಗಿತು.

ನನಗೆ ಪೂರ್ತಿ ಗುಣವಾದ ಮೇಲೆ, ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ, ನಾನೂ ಅತ್ತೆಯೂ ಕಾಳು ಹಿಸುಕುತ್ತಾ ಹಿತ್ತಲಲ್ಲಿ ಕೂತಿದ್ದೆವು. ದೀಪದ ಜಗಳ ಮುಗಿದಿರಲಿಲ್ಲ, ಒಂದು ರಾಜಿಯಲ್ಲಿತ್ತು. ಬೆಳಿಗ್ಗೆಯ ದೀಪ ಅವರದು, ಸಂಜೆಯದು ನನ್ನದು. ಅವರ ಮಡಿ ಅವರಿಗೆ. ಅದನ್ನು ಅವರು ಬಿಟ್ಟುಕೊಡಲಿಲ್ಲ, ನಾನೂ ಬಿಡಿ ಅನ್ನಲಿಲ್ಲ.

ಅತ್ತೆ ಕಾಳಿನ ಪಾತ್ರೆಯಿಂದ ತಲೆಯೆತ್ತದೆ ಕೇಳಿದರು. "ನಿನ್ನ ಗೆಳತಿ ಆಸ್ಪತ್ರೇಲಿ ವಯಸ್ಸಾದವರನ್ನೂ ನೋಡ್ತಾರಾ?"

"ನೋಡ್ತಾರೆ. ಯಾಕತ್ತೆ?"

"ಸುಮ್ನೆ ಕೇಳಿದೆ."

ಸಂಜೆ ಮತ್ತೆ ಅದೇ ಮಾತು ತೆಗೆದರು. ಅವರಿಗೂ ಎಷ್ಟೋ ವರ್ಷದಿಂದ ಉರಿ ಇತ್ತು. ಮಾವನವರು ಇದ್ದಾಗಿನಿಂದ ಇತ್ತಂತೆ. ಮೆಂತ್ಯದ ನೀರು, ಜೀರಿಗೆ ಕಷಾಯ ಎಲ್ಲವನ್ನೂ ನನಗೆ ಕೊಡುವ ಮೊದಲು ಅವರು ಕುಡಿದಿದ್ದರು. ಯಾರಿಗೂ ಹೇಳಿರಲಿಲ್ಲ. ನಾನು ಮಾರನೆಯ ದಿನವೇ ಆಟೋ ಹಿಡಿದು ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿದರು, ಸ್ಯಾಂಪಲ್ ಕಳಿಸಿದರು. ಅತ್ತೆಯ ತಟ್ಟೆಯಲ್ಲಿ ಹಸಿರೂ ಬೆಳೆಯಲಿಲ್ಲ, ಗುಲಾಬಿಯೂ ಬೆಳೆಯಲಿಲ್ಲ. ಯೀಸ್ಟೇ ಇರಲಿಲ್ಲ. ವಯಸ್ಸಿಗೆ ಚರ್ಮ ಒಣಗಿ ತೆಳ್ಳಗಾಗಿ ಆದ ಉರಿ. ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟರು, ಹದಿನೈದು ದಿನದಲ್ಲಿ ಅತ್ತೆ ನೆಟ್ಟಗೆ ಕೂರತೊಡಗಿದರು.

"ಇಷ್ಟೇನಾ?" ಅಂದರು. "ಇಷ್ಟಕ್ಕೆ ಇಷ್ಟು ವರ್ಷಾನಾ?" ನನಗೆ ಅವರ ಮೇಲಿದ್ದ ಸಿಟ್ಟು ಆವತ್ತು ಬೇರೆ ಕಡೆಗೆ ತಿರುಗಿತು. ಯಾರ ಕಡೆಗೆ ಎಂದು ಬೆರಳು ತೋರಿಸಲು ಸಾಧ್ಯವಿಲ್ಲದಷ್ಟು ಜನರ ಕಡೆಗೆ.

ಆ ವರ್ಷ ಶಿಲೀಂಧ್ರಗಳ ಪಾಠ ಬಂದಾಗ ನಾನು ಬ್ರೆಡ್ಡು, ದೋಸೆ ಹಿಟ್ಟಿನ ಹತ್ತಿರ ನಿಲ್ಲಿಸಲಿಲ್ಲ. ಗೆಳತಿ ಕೊಟ್ಟ ಫೋಟೋಗಳನ್ನು ಪರದೆಯ ಮೇಲೆ ತೋರಿಸಿದೆ. ಇದು ಹಸಿರು, ಇದು ಗುಲಾಬಿ, ಎರಡಕ್ಕೂ ಒಂದೇ ಹೆಸರಿಟ್ಟಿದ್ದರು, ಡಿಎನ್‌ಎ ನೋಡಿದ ಮೇಲೆ ಬೇರೆ ಮಾಡಿದರು, ಅದರಿಂದ ಔಷಧಿ ಬದಲಾಗುತ್ತದೆ ಅಂದೆ. ಇವು ಹೆಂಗಸರ ಮೈಯಲ್ಲಿ ಎಲ್ಲಿ ಬೆಳೆಯುತ್ತವೆ, ಬೆಳೆದರೆ ಏನಾಗುತ್ತದೆ, ಯಾಕೆ ಅದು ನಾಚಿಕೆಯ ವಿಷಯವಲ್ಲ, ಒಂದು ಮಾತ್ರೆಗೆ ಹೋಗದಿದ್ದರೆ ಡಾಕ್ಟರನ್ನು ಏನು ಕೇಳಬೇಕು, ಎಲ್ಲ ಹೇಳಿದೆ. ಗುಲಾಬಿ ತಟ್ಟೆ ನನ್ನದೇ ಎಂದೂ ಹೇಳಿದೆ.

ಮರುವಾರ ಪ್ರಿನ್ಸಿಪಾಲರು ಕರೆಸಿದರು. ಒಬ್ಬ ತಂದೆ ದೂರು ಕೊಟ್ಟಿದ್ದರು. ಅವರೂ ಅಲ್ಲೇ ಕೂತಿದ್ದರು.

"ಸಿಲಬಸ್ಸಿನಲ್ಲಿ ಇಲ್ಲದ್ದನ್ನ ಹೇಳಿದ್ದೀರಂತೆ ಮೇಡಂ" ಅಂದರು ಪ್ರಿನ್ಸಿಪಾಲರು.

"ಶಿಲೀಂಧ್ರ ಸಿಲಬಸ್ಸಿನಲ್ಲಿದೆ. ವರ್ಗೀಕರಣ ಇದೆ. ಸ್ತ್ರೀ ಪ್ರಜನನಾಂಗವೂ ಇದೆ. ನಾನು ಮೂರನ್ನೂ ಒಟ್ಟಿಗೆ ಹೇಳಿದೆ, ಅಷ್ಟೆ."

ಆ ತಂದೆ ಬಾಯಿ ಹಾಕಿದರು. "ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಮುಂದೆ ಟೀಚರಾದವರು ತಮ್ಮ ಮೈ ವಿಷಯ ಹೇಳ್ಕೊಂಡ್ರೆ ಮರ್ಯಾದೆನಾ ಮೇಡಂ?"

"ವಯಸ್ಸಿಗೆ ಬಂದಿದ್ದಾರೆ ಅಂತಲೇ ಹೇಳಿದ್ದು. ನನಗೆ ಮಲೇರಿಯಾ ಬಂದಿತ್ತು ಅಂತ ಹೇಳಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

"ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಮುಗಿದುಹೋಗುತ್ತೆ" ಅಂದರು ಪ್ರಿನ್ಸಿಪಾಲರು. ಒಳ್ಳೆಯವರು, ಜಗಳ ಬೇಡದವರು.

"ಹೇಳಲ್ಲ ಸಾರ್. ಮುಂದಿನ ವರ್ಷವೂ ಹೇಳಿಕೊಡ್ತೀನಿ. ಬೇಡ ಅಂದ್ರೆ ನನ್ನ ಕ್ಲಾಸನ್ನ ಬೇರೆಯವರಿಗೆ ಕೊಡಿ."

ಅವರು ಕೊಡಲಿಲ್ಲ. ಆ ತಂದೆ ಮಾತ್ರ ಮಗಳನ್ನು ವರ್ಷದ ಕೊನೆಗೆ ಬೇರೆ ಕಾಲೇಜಿಗೆ ಸೇರಿಸಿದರು. ಚೆನ್ನಾಗಿ ಓದುವ ಹುಡುಗಿ, ಪ್ರಶ್ನೆ ಕೇಳುವವಳು. ಅವಳು ಹೋದದ್ದು ನನಗೆ ಈಗಲೂ ನೋವೇ. ಆದರೆ ಅವಳನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರೆ ಮಿಕ್ಕ ಹುಡುಗಿಯರಿಗೆ ನಾನು ಏನು ಕಲಿಸಿದ ಹಾಗಾಗುತ್ತಿತ್ತು?

ಈ ವರ್ಷ ಪಾಠ ನಡೆಯುತ್ತಿದ್ದಾಗ ಪ್ರಿನ್ಸಿಪಾಲರು ಬಾಗಿಲಲ್ಲಿ ಕಾಣಿಸಿಕೊಂಡರು. ಪರದೆಯ ಮೇಲೆ ಕವಲೊಡೆದ ಕೊಂಬೆಗಳ ಚಿತ್ರವಿತ್ತು. ಹುಡುಗಿಯರು ನನ್ನ ಮುಖ ನೋಡಿದರು.

"ಬನ್ನಿ ಸಾರ್, ಕೂತ್ಕೊಳ್ಳಿ" ಅಂದೆ.

ಅವರು ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಒಂದು ಪದವನ್ನೂ ಬಿಡದೆ ಪಾಠ ಮುಂದುವರಿಸಿದೆ. ಬೆಲ್ ಹೊಡೆಯುವ ಸ್ವಲ್ಪ ಮೊದಲು ಅವರು ಗಂಟಲು ಸರಿಮಾಡಿಕೊಂಡರು.

"ಮೇಡಂ, ಇದು ಗಂಡಸರಿಗೂ ಬರುತ್ತಾ?"

ಹುಡುಗಿಯರು ನಕ್ಕರು. ಅವರೂ ಸ್ವಲ್ಪ ನಕ್ಕರು.

"ಬರುತ್ತೆ ಸಾರ್" ಅಂದೆ. ಅದು ಹೇಗೆಂದು ವಿವರಿಸಲು ಬೋರ್ಡಿನ ಕಡೆ ತಿರುಗಿದೆ.